ಫ್ರೀ ಸೀಟಿನ ಖರ್ಚು

ಜಯನಗರದ ಮನೆಯನ್ನು ಬಿಲ್ಡರ್ ಕೈಗೆ ಒಪ್ಪಿಸಲು ಒಂದು ವಾರವಷ್ಟೇ ಉಳಿದಿತ್ತು. 2024ರ ಮಾರ್ಚ್ 24, ಭಾನುವಾರ. ಬೆಂಗಳೂರಿಗೆ ಬೆಂಗಳೂರೇ ನೀರಿಲ್ಲವೆಂದು ಒದ್ದಾಡುತ್ತಿದ್ದ ದಿನಗಳು. ಅಕ್ಕ ಮತ್ತು ನಾನು ಬೆಳಿಗ್ಗೆಯಿಂದ ಅಟ್ಟ ಖಾಲಿ ಮಾಡುತ್ತಿದ್ದೆವು. ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಎರಡು ಡಜನ್ ಹಾರ್ಲಿಕ್ಸ್ ಬಾಟಲಿಗಳು. ಅಮ್ಮ ಯಾವುದನ್ನೂ ಎಸೆದವಳಲ್ಲ. ಹಳೇ ಪೇಪರಿನವನು ಪೋರ್ಟಿಕೋದಲ್ಲಿ ತಕ್ಕಡಿ ಇಟ್ಟುಕೊಂಡು ಕುಳಿತಿದ್ದ. ಅವನ ರಾಶಿಗೆ ಸೇರಿಸಲೆಂದು ಒಂದು ಕಟ್ಟು ಡೈರಿಗಳನ್ನು ಇಳಿಸುವಾಗ ದಾರ ಹರಿದು ಎಲ್ಲವೂ ನೆಲದ ಮೇಲೆ ಹರಡಿಕೊಂಡವು.

ಅಪ್ಪನ ಬ್ಯಾಂಕಿನವರು ವರ್ಷವರ್ಷವೂ ಕೊಡುತ್ತಿದ್ದ ಡೈರಿಗಳು. ಅಪ್ಪ ಅವುಗಳಲ್ಲಿ ಒಂದಕ್ಷರ ಬರೆದವರಲ್ಲ. ಬರೆಯುತ್ತಿದ್ದವಳು ಅಮ್ಮ. ಹಾಲು, ತರಕಾರಿ, ಗ್ಯಾಸ್, ಹೂವು, ಅರ್ಚಕರ ತಟ್ಟೆಗೆ ಹಾಕಿದ ಎರಡು ರೂಪಾಯಿ, ಎಲ್ಲವೂ ಅವಳ ಓರೆ ಅಕ್ಷರದಲ್ಲಿ. ಅಮ್ಮನಿಗೆ ಸ್ವಂತ ಸಂಪಾದನೆ ಇರಲಿಲ್ಲ. ಒಂದನೇ ತಾರೀಕು ಅಪ್ಪ ಎಣಿಸಿ ಕೊಟ್ಟ ಹಣಕ್ಕೆ ಮೂವತ್ತನೇ ತಾರೀಕು ಲೆಕ್ಕ ಒಪ್ಪಿಸಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ಯಾರೂ ಅವಳನ್ನು ಕಲ್ಲೆದೆಯವಳು ಎಂದುಕೊಳ್ಳಬಾರದು.

ಅಕ್ಕ ಒಂದು ಡೈರಿ ತೆಗೆದು ತನ್ನ ಹೆಸರು ಹುಡುಕಿದಳು. ಟೈಪಿಂಗ್ ಕ್ಲಾಸಿಗೆ ತಿಂಗಳಿಗೆ ನಲವತ್ತು ರೂಪಾಯಿ. ಅಷ್ಟೇ. "ನಿನ್ನ ಹೆಸರಿನಲ್ಲಿ ಎಷ್ಟಿದೆಯೋ ನೋಡು, ರಾಜಕುಮಾರ" ಎಂದು 1995ರ ಡೈರಿಯನ್ನು ನನ್ನ ಮಡಿಲಿಗೆ ಎಸೆದಳು. ತಮಾಷೆಗೇ ಎಸೆದದ್ದು.

1995 ನನ್ನ ಬದುಕಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ವರ್ಷ. ಆ ವರ್ಷ ನಾನು ದ್ವಿತೀಯ ಪಿಯುಸಿ ಬರೆದೆ. ಗಣಿತದಲ್ಲಿ ನೂರಕ್ಕೆ ಐವತ್ತೊಂದು ಬಂತು. ಸಿಇಟಿ ಶುರುವಾಗಿ ಅದು ಎರಡನೆಯ ವರ್ಷ. ನನ್ನ ರ‍್ಯಾಂಕು ಐದಂಕಿಯದು. ಆ ಕಾಲದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎರಡು ಬಗೆಯ ಸೀಟುಗಳಿದ್ದವು. 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ವೃತ್ತಿಪರ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಕಡಿಮೆ ಶುಲ್ಕಕ್ಕೆ ಕೊಡಬೇಕೆಂದು ಹೇಳಿತ್ತು. ಅವು ಫ್ರೀ ಸೀಟು, ಉಳಿದವು ಪೇಮೆಂಟ್ ಸೀಟು. ಮಧ್ಯಮ ವರ್ಗದ ಮನೆಗಳಲ್ಲಿ ಮಗನ ಮರ್ಯಾದೆ, ಅಪ್ಪನ ಮರ್ಯಾದೆ ಎರಡೂ ಈ ಎರಡು ಪದಗಳ ನಡುವೆ ತೂಗುತ್ತಿದ್ದವು. ಅಪ್ಪನಿಗೆ ಪೇಮೆಂಟ್ ಸೀಟು ಕೊಡಿಸುವ ಶಕ್ತಿ ಇರಲಿಲ್ಲ, ಮನಸ್ಸಂತೂ ಇರಲೇ ಇಲ್ಲ. ಅಂಕಪಟ್ಟಿಯನ್ನು ತಿರಸ್ಕರಿಸಿ ಮತ್ತೆ ಪರೀಕ್ಷೆಗೆ ಕಟ್ಟು, ಒಂದು ವರ್ಷ ಮನೆಯಲ್ಲಿ ಕುಳಿತು ಓದು ಎಂದರು. ಕುಳಿತೆ. 1996ರಲ್ಲಿ ಫ್ರೀ ಸೀಟು ಸಿಕ್ಕಿತು.

ಆಮೇಲಿನ ಇಪ್ಪತ್ತೆಂಟು ವರ್ಷ ನಾನು ಹೇಳಿಕೊಂಡು ಬಂದ ಕಥೆ ಒಂದೇ. ಡೊನೇಷನ್ ಇಲ್ಲ, ಶಿಫಾರಸು ಇಲ್ಲ, ಯಾರ ಕೈಕಾಲೂ ಹಿಡಿಯಲಿಲ್ಲ, ಫ್ರೀ ಸೀಟಿನಲ್ಲಿ ಓದಿದವನು. ಕಚೇರಿಗೆ ಹೊಸದಾಗಿ ಸೇರಿದ ಹುಡುಗರಿಗೂ ಇದನ್ನು ಕಾಫಿಯ ಜೊತೆಗೆ ಕುಡಿಸಿದ್ದೇನೆ. ಮೊದಲ ಸಲ ಎಡವಿದ್ದನ್ನು ಮಾತ್ರ ಆ ಕಥೆಯಲ್ಲಿ ಸೇರಿಸುತ್ತಿರಲಿಲ್ಲ.

ಅಮ್ಮ ಸೇರಿಸಿದ್ದಳು. ಗಣಿತದ ಟ್ಯೂಷನ್ 2,400. ಭೌತಶಾಸ್ತ್ರ 2,000. ರಸಾಯನಶಾಸ್ತ್ರ 1,800. ಪುಸ್ತಕ 560. ಟೇಬಲ್ ಲ್ಯಾಂಪ್ 140. ಓಡಾಟಕ್ಕೆ ಇಡೀ ವರ್ಷಕ್ಕೆ 450. ಅಕ್ಕ ಮೊಬೈಲಿನಲ್ಲಿ ಕೂಡಿದಳು: 7,350 ರೂಪಾಯಿ. "ಫ್ರೀ ಸೀಟು ಪರವಾಗಿಲ್ಲ, ಚೆನ್ನಾಗಿಯೇ ಫ್ರೀಯಾಗಿತ್ತು" ಎಂದು ನಕ್ಕಳು. ನಾನೂ ನಕ್ಕೆ. ಮಗನ ಓದಿಗೆ ಅಪ್ಪ ಅಮ್ಮ ಖರ್ಚು ಮಾಡುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ನನ್ನ ನಗು ನಿಂತದ್ದು ಜುಲೈ ತಿಂಗಳ ಒಂದು ಪುಟದಲ್ಲಿ. ಲೆಕ್ಕದ ಕೆಳಗೆ ಅಮ್ಮ ಸಣ್ಣದಾಗಿ ಬರೆದಿದ್ದಳು: "ಪಾತ್ರೆ ಸದ್ದಿಗೆ ಓದಲು ಆಗುವುದಿಲ್ಲವಂತೆ. ಮಂಜನ ಅಮ್ಮನಿಗೆ ಹನ್ನೆರಡರ ಮೇಲೆ ಬರಲು ಹೇಳಿದೆ. 140 ಇದ್ದದ್ದು 150 ಮಾಡಿದೆ."

ಮಂಜನ ಅಮ್ಮ. ಆಕೆಯ ಹೆಸರು ನನಗೆ ಗೊತ್ತಿಲ್ಲ. ಹನ್ನೊಂದು ವರ್ಷ ನಮ್ಮ ಹಿತ್ತಲಿನ ನಲ್ಲಿಯ ಕೆಳಗೆ ಪಾತ್ರೆ ಬೆಳಗಿದವರು. ಮನೆ ಬೈರಸಂದ್ರದಲ್ಲಿ, ನಮ್ಮಲ್ಲಿಂದ ಹತ್ತು ನಿಮಿಷದ ನಡಿಗೆ. ಬೈರಸಂದ್ರ, ಯಡಿಯೂರುಗಳೆಲ್ಲ ಜಯನಗರಕ್ಕಿಂತ ಹಳೆಯ ಊರುಗಳು. ನಮ್ಮ ಕಡೆಯವರು ಇಲ್ಲೆಲ್ಲ ರಾಗಿ ಬೆಳೆಯುತ್ತಿದ್ದರು ಎಂದು ಮಂಜ ಹೇಳಿದಾಗ ನಾನು ನಂಬಿರಲಿಲ್ಲ. ಉದ್ಯಾನ, ಅಡ್ಡರಸ್ತೆ, ಸಾಲುಮರಗಳು ಭೂಮಿಯ ಜೊತೆಗೇ ಹುಟ್ಟಿದವು ಎಂದುಕೊಂಡಿದ್ದೆ. ಅಪ್ಪನಿಗೆ ನಿವೇಶನ ಸಿಕ್ಕಿದ್ದು ಬಿಡಿಎ ಹುಟ್ಟುವುದಕ್ಕೂ ಮೊದಲು, ಬೆಂಗಳೂರಿನಲ್ಲಿ ನಿವೇಶನ ಹಂಚುತ್ತಿದ್ದ ಸಿಐಟಿಬಿ ಕಾಲದಲ್ಲಿ. ಅರ್ಜಿ ಕರೆದದ್ದು ಪತ್ರಿಕೆಯಲ್ಲಿ ಕಣ್ಣಿಗೆ ಬೀಳಬೇಕು, ಸಂಬಳದ ಪ್ರಮಾಣಪತ್ರ ಇರಬೇಕು, ಕಂತು ಕಟ್ಟಬೇಕು. ಮನೆ ಕಟ್ಟಲು ಬ್ಯಾಂಕು ತನ್ನ ನೌಕರರಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟಿತು. ಅಪ್ಪ ಕಷ್ಟಪಟ್ಟು ಮನೆ ಕಟ್ಟಿಸಿದರು ಎಂಬುದು ಸುಳ್ಳಲ್ಲ. ಆದರೆ ಈಗ ಅದೇ ಮಣ್ಣಿನ ಮೇಲೆ ಬಿಲ್ಡರ್ ಎಬ್ಬಿಸುವ ಫ್ಲಾಟುಗಳಲ್ಲಿ ಒಂದು ನನ್ನದಾಗುತ್ತದಲ್ಲ, ಅದಕ್ಕೆ ನಾನು ಪಟ್ಟ ಕಷ್ಟ ಒಂದು ಭಾನುವಾರ ಅಟ್ಟ ಗುಡಿಸಿದ್ದು.

ಮಂಜ ನನ್ನ ವಯಸ್ಸಿನವನೇ. ಬೇಸಿಗೆ ರಜೆಯಲ್ಲಿ ಅಮ್ಮನ ಜೊತೆ ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತಿರುತ್ತಿದ್ದ. ಹಿತ್ತಲಿನಲ್ಲಿ ಇಬ್ಬರೂ ಕ್ರಿಕೆಟ್ ಆಡುತ್ತಿದ್ದೆವು. ಅವನು ಮಹಾ ಬುದ್ಧಿವಂತನಾಗಿದ್ದ, ಬಡತನದಿಂದ ಹಾಳಾದ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹಾಗೇನೂ ಇರಲಿಲ್ಲ. ಅವನಿಗೂ ಲೆಕ್ಕ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ನಮ್ಮ ಸ್ನೇಹಕ್ಕೆ ಅದೂ ಒಂದು ಕಾರಣ. ಕಾಫಿಯ ಹೊತ್ತಿಗೆ ನಾನು ಒಳಗೆ ಹೋಗುತ್ತಿದ್ದೆ. ಅವರಿಬ್ಬರ ಲೋಟಗಳು ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿರುತ್ತಿದ್ದವು. ಮನೆಯ ಪಾತ್ರೆಗಳೆಲ್ಲ ಆಕೆಯ ಕೈಯಿಂದಲೇ ಶುಭ್ರವಾಗಿ ಒಳಗೆ ಬರಬೇಕು, ಆಕೆ ಕುಡಿದ ಲೋಟ ಮಾತ್ರ ಬರಬಾರದು. ನಾವು ಓದಿದವರು ಈಗ ವರ್ಗ, ಸವಲತ್ತು ಎಂದೆಲ್ಲ ಸಲೀಸಾಗಿ ಮಾತಾಡುತ್ತೇವೆ. ಆ ಕಿಟಕಿಕಟ್ಟೆಯ ಮೇಲೆ ಇದ್ದದ್ದು ಜಾತಿ. ಅದನ್ನು ಹೇಳಬೇಕಾದಾಗ ನನ್ನ ನಾಲಿಗೆ ಇವತ್ತಿಗೂ ಬೇರೆ ಪದ ಹುಡುಕುತ್ತದೆ.

1993ರ ಡೈರಿಯನ್ನು ಹುಡುಕಿ ತೆಗೆದೆ. ಆ ವರ್ಷ ಇಬ್ಬರೂ ಎಸ್ಸೆಸ್ಸೆಲ್ಸಿ ಬರೆದಿದ್ದೆವು. ಮಂಜ ಗಣಿತದಲ್ಲಿ ಇಪ್ಪತ್ತೆಂಟು ಅಂಕ ತೆಗೆದು ಫೇಲಾಗಿದ್ದ. ಇದು ನನಗೆ ನೆನಪಿತ್ತು, ಉಳಿದದ್ದು ನೆನಪಿರಲಿಲ್ಲ. ಜೂನ್ ತಿಂಗಳಲ್ಲಿ ಅಮ್ಮ ಬರೆದಿದ್ದಳು: "ಮಂಜ ಮತ್ತೆ ಪರೀಕ್ಷೆ ಕಟ್ಟಲು ಅವನ ಅಮ್ಮನಿಗೆ ಸಾಲ 100. ತಿಂಗಳಿಗೆ 20ರಂತೆ ಹಿಡಿಯುವುದು." ಜುಲೈನಲ್ಲಿ 20 ಹಿಡಿದಳು. ಆಗಸ್ಟ್‌ನಲ್ಲಿ 20, ಜೊತೆಗೆ ಎರಡು ದಿನ ಬಾರದ್ದಕ್ಕೆ 8. ಹೀಗೆ ನವೆಂಬರ್‌ವರೆಗೆ, ಸಾಲ ತೀರಿದ ದಿನ ಒಂದು ಅಡ್ಡಗೆರೆ. ಆದರೆ ಮಂಜ ಆ ಪರೀಕ್ಷೆ ಬರೆಯಲಿಲ್ಲ. ಅಷ್ಟರಲ್ಲಿ ಸ್ಕೂಟರ್ ರಿಪೇರಿ ಅಂಗಡಿಯೊಂದಕ್ಕೆ ಸೇರಿದ್ದ. ಸೇರಿ ತಿಂಗಳೂ ಆಗದ ಹುಡುಗನಿಗೆ ರಜೆ ಕೊಡುವುದಿಲ್ಲ ಎಂದನಂತೆ ಮಾಲೀಕ. ಬರೆಯದ ಪರೀಕ್ಷೆಯ ಸಾಲವನ್ನು ಅವನ ಅಮ್ಮ ಐದು ತಿಂಗಳು ಪಾತ್ರೆ ತೊಳೆದು ತೀರಿಸಿದ್ದರು.

ಲೆಕ್ಕ ಬಾರದ ಇಬ್ಬರು ಹುಡುಗರು. ಒಬ್ಬನಿಗೆ ಮತ್ತೆ ಓದಲು ಒಂದು ವರ್ಷ ಸಿಕ್ಕಿತು. ಇನ್ನೊಬ್ಬನಿಗೆ ಒಂದು ದಿನದ ರಜೆ ಸಿಗಲಿಲ್ಲ.

ಅಕ್ಕನ ಮೊಬೈಲ್ ತೆಗೆದುಕೊಂಡು 7,350ನ್ನು 150ರಿಂದ ಭಾಗಿಸಿದೆ. ನಲವತ್ತೊಂಬತ್ತು. ಆ ಒಂದು ವರ್ಷದ ನನ್ನ ಓದಿಗೆ ಮಂಜನ ಅಮ್ಮನ ನಾಲ್ಕು ವರ್ಷ ಒಂದು ತಿಂಗಳ ಸಂಬಳ ಬೇಕಿತ್ತು. ಅದೂ ಅಮ್ಮ ಬರೆದಿಟ್ಟ ಲೆಕ್ಕ ಮಾತ್ರ. ದುಡಿಯದ ಹದಿನೆಂಟರ ಹುಡುಗನಿಗೆ ವರ್ಷವಿಡೀ ಹಾಕಿದ ಊಟ, ಬಾಗಿಲು ಮುಚ್ಚಿಕೊಳ್ಳಲು ಇದ್ದ ಒಂದು ಕೋಣೆ, ಬಾಡಿಗೆ ಇಲ್ಲದ ಮನೆ ಇವೆಲ್ಲ ಡೈರಿಯಲ್ಲಿ ಇಲ್ಲ. ಇರುವ ವಸ್ತುವಿಗೆ ಯಾರೂ ಲೆಕ್ಕ ಬರೆಯುವುದಿಲ್ಲ. ಆ ಸದ್ದಿನ ವಿಷಯವೂ ಅಷ್ಟೇ. "ಅಮ್ಮಾ, ಆ ಹೊತ್ತಿಗೆ ಎರಡನೇ ಅಡ್ಡರಸ್ತೆಯಲ್ಲಿ ಇನ್ನೊಂದು ಮನೆ ಇದೆಯಲ್ಲ" ಎಂದು ಆಕೆ ಹಿತ್ತಲಲ್ಲಿ ಹೇಳಿದ್ದು, "ಒಂದು ವರ್ಷ ತಾನೇ, ಹೇಗಾದರೂ ಹೊಂದಿಸಿಕೋ" ಎಂದು ಅಮ್ಮ ಅಂದದ್ದು ಡೈರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ ನೆನಪಾಯಿತು. ಕಿಟಕಿ ನನ್ನ ಕೋಣೆಯದೇ. ಆ ಇನ್ನೊಂದು ಮನೆ ತಪ್ಪಿಹೋಯಿತು. ಹತ್ತು ರೂಪಾಯಿ ಹೆಚ್ಚಾಯಿತು.

ಫಲಿತಾಂಶದ ದಿನ ಮಂಜನಿಗೆಂದು ಕಾಲು ಕಿಲೋ ಮೈಸೂರು ಪಾಕು, ನನ್ನದೊಂದು ಹಳೆಯ ಶರ್ಟು ಕಳಿಸಿದ್ದೆವು. ಅವನು ಈಗ ಎಲ್ಲಿದ್ದಾನೋ ತಿಳಿಯದು. ಹುಡುಕಿದವನೂ ನಾನಲ್ಲ.

ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಕಚೇರಿಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ತಂಡದಲ್ಲಿ ನಾನಿದ್ದೇನೆ. ಓದಿನ ನಡುವೆ ಒಂದು ವರ್ಷ ಖಾಲಿ ಕಂಡರೆ ಮೊದಲು ಅದರ ಮೇಲೇ ಬೆರಳಿಡುವವನು ನಾನು. ಆ ವರ್ಷ ಚಿಕ್ಕಪ್ಪನ ಪ್ರಾವಿಷನ್ ಅಂಗಡಿಯಲ್ಲಿದ್ದೆ ಎಂದು ಹೇಳಿದ ಹುಡುಗನೊಬ್ಬನನ್ನು "ಓದಿನಲ್ಲಿ ಸ್ಥಿರತೆ ಸಾಲದು" ಎಂದು ಬರೆದು ಕಳಿಸಿದ್ದೇನೆ. ನನ್ನ ಖಾಲಿ ವರ್ಷದ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕೆ ಫ್ರೀ ಸೀಟು ಎಂಬ ಹೆಸರು ಬಂದಿತ್ತು.

ಹಳೇ ಪೇಪರಿನವನು ಡೈರಿಗಳನ್ನು ತೂಗಲು ಕೈಚಾಚಿದ. 1993 ಮತ್ತು 1995ನ್ನು ಇಟ್ಟುಕೊಂಡು ಉಳಿದವನ್ನು ಕೊಟ್ಟೆವು. ರಟ್ಟಿನ ಹೊದಿಕೆಗೆ ಬೆಲೆಯಿಲ್ಲವೆಂದು ಕಿಲೋಗೆ ಎರಡು ರೂಪಾಯಿ ಕಡಿಮೆ ಮಾಡಿದ. ಅಕ್ಕ ಅವನ ಜೊತೆ ಚೌಕಾಸಿಗೆ ನಿಂತಳು, ಥೇಟ್ ಅಮ್ಮನ ಧ್ವನಿಯಲ್ಲಿ.

ಸಂಜೆ ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ಗೇಟಿನಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಬೋರ್‌ವೆಲ್ ಬತ್ತಿದ ಮೇಲೆ ದಿನಕ್ಕೆ ಇಷ್ಟು ಟ್ಯಾಂಕರ್ ಎಂದು ಸಂಘದವರು ಗೊತ್ತುಮಾಡಿದ್ದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದೂ ಅದೇ ತಿಂಗಳು. ನಮ್ಮ ಮೇಲೆ ಬಿದ್ದ ಬರಗಾಲವೆಂದರೆ ಅಷ್ಟೇ, ಕಾರಿನ ಮೇಲೆ ಧೂಳು. ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು.

ನಮ್ಮ ಮನೆಯ ಕೆಲಸಕ್ಕೆ ಬರುವವರನ್ನು ನಾನು ಬಹುವಚನದಲ್ಲಿಯೇ ಮಾತಾಡಿಸುತ್ತೇನೆ. ಒಳಗೇ ಕುಳಿತು ನಮ್ಮ ಲೋಟದಲ್ಲಿಯೇ ಕಾಫಿ ಕುಡಿಯುತ್ತಾರೆ. ಅಮ್ಮನ ಕಾಲದಿಂದ ಎಷ್ಟು ದೂರ ಬಂದುಬಿಟ್ಟೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ಉಂಟು. ಅವರು ಮೇಲೆ ಬರಬೇಕಾದದ್ದು ಸಾಮಾನು ಸಾಗಿಸುವ ಲಿಫ್ಟಿನಲ್ಲಿ. ಗೇಟು ದಾಟಿದ ಕೂಡಲೇ ನನ್ನ ಮೊಬೈಲಿಗೆ ಸಂದೇಶ ಬರುತ್ತದೆ: ಒಳಗೆ ಬಂದದ್ದು 7.32, ಹೊರಗೆ ಹೋದದ್ದು 8.50. ತಿಂಗಳ ಕೊನೆಗೆ ಎಷ್ಟು ದಿನ ಬರಲಿಲ್ಲ ಎಂಬುದನ್ನೂ ಅದೇ ಕೂಡಿ ತೋರಿಸುತ್ತದೆ. ಅಮ್ಮನಿಗೆ ಡೈರಿ ಬೇಕಿತ್ತು, ಪೆನ್ನು ಬೇಕಿತ್ತು.

ಫೆಬ್ರವರಿ ಕೊನೆಯಲ್ಲಿ ಅವರು ಒಂದು ಮಾತು ಕೇಳಿದ್ದರು. ಮಗಳಿಗೆ ಪಿಯುಸಿ ಪರೀಕ್ಷೆ. ತಾನು ಆರೂವರೆಗೆ ಹೊರಟುಬಿಟ್ಟರೆ ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಲ್ಲುವುದು, ತಮ್ಮನನ್ನು ಶಾಲೆಗೆ ಹೊರಡಿಸುವುದು ಎಲ್ಲ ಅವಳ ತಲೆಗೇ. "ಪರೀಕ್ಷೆ ಮುಗಿಯುವ ತನಕ ಹನ್ನೊಂದಕ್ಕೆ ಬರಲಾ ಸಾರ್?" ಹನ್ನೊಂದಕ್ಕೆ ನನಗೂ ಹೆಂಡತಿಗೂ ಮನೆಯಿಂದಲೇ ಮೀಟಿಂಗ್. ಪಾತ್ರೆಯ ಸದ್ದು ಕೇಳಿಸುತ್ತದೆ. ಕಷ್ಟವಾಗುತ್ತದೆ ಎಂದೆ. ಸಮಾಧಾನಕ್ಕೆಂದು ಇನ್ನೊಂದು ಮಾತನ್ನೂ ಸೇರಿಸಿದೆ: "ಈ ವರ್ಷದಿಂದ ಸರ್ಕಾರ ಮೂರು ಪರೀಕ್ಷೆ ಇಟ್ಟಿದೆ, ಹೆದರಬೇಡಿ. ಕಡಿಮೆ ಬಂದರೆ ಮತ್ತೆ ಬರೆಯಬಹುದು." ಅವರು ತಲೆಯಾಡಿಸಿ ಒಳಗೆ ಹೋಗಿದ್ದರು.

ಭಾನುವಾರ ರಾತ್ರಿ ಹೆಂಡತಿಗೆ ಡೈರಿ ತೋರಿಸಿದೆ. ಓದಿ, ಬಹಳ ಹೊತ್ತು ಸುಮ್ಮನಿದ್ದಳು. "ಮೀಟಿಂಗ್‌ನಲ್ಲಿ ಧ್ವನಿ ಮುಚ್ಚಿಕೊಂಡರೆ ಆಗುತ್ತಿತ್ತಲ್ಲ" ಎಂದಳು ಕೊನೆಗೆ. ಹೌದು, ಒಂದು ಗುಂಡಿ ಒತ್ತಿದರೆ ಆಗುತ್ತಿತ್ತು.

ಸೋಮವಾರ ಬೆಳಿಗ್ಗೆ ಮೊಬೈಲ್ ಸದ್ದು ಮಾಡಿತು, 7.31. ನಾನೇ ಹೋಗಿ ಬಾಗಿಲು ತೆಗೆದೆ.

"ನಾಳೆಯಿಂದ ನೀವು ಹನ್ನೊಂದಕ್ಕೆ ಬನ್ನಿ. ನಾವು ಹೊಂದಿಸಿಕೊಳ್ಳುತ್ತೇವೆ. ಮಗಳು ಬೆಳಿಗ್ಗೆ ಓದಿಕೊಳ್ಳಲಿ."

ಅವರು ಚಪ್ಪಲಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟು ನನ್ನ ಮುಖ ನೋಡಿದರು.

"ಪರೀಕ್ಷೆ ಹೋದ ವಾರವೇ ಮುಗಿಯಿತಲ್ಲ ಸಾರ್" ಎಂದು ಹೇಳಿ ಪೊರಕೆ ತೆಗೆದುಕೊಳ್ಳಲು ಒಳಗೆ ಹೋದರು.