ಎಪ್ಪತ್ತೆಂಟು ನಿಮಿಷದ ತಪ್ಪು, ನಾಲ್ಕು ತಿಂಗಳ ಲೆಕ್ಕ

2024ರ ಜುಲೈ 19, ಶುಕ್ರವಾರ. ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿ ಕಳೆದು ಒಂಬತ್ತು ನಿಮಿಷವಾಗಿತ್ತು. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ತನ್ನ ಫಾಲ್ಕನ್ ಎಂಬ ಕಾವಲು ತಂತ್ರಾಂಶಕ್ಕೆ ಒಂದು ಸಣ್ಣ ಕಡತ ಕಳಿಸಿತು. ಸಂಖ್ಯೆ 291. ಅದಕ್ಕೆ 21 ಮಾಹಿತಿಗಳು ಬೇಕಿದ್ದವು, ಒದಗಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋದ ತಂತ್ರಾಂಶ ವಿಂಡೋಸ್‌ನ ಕರ್ನಲ್ ಎಂಬ ತೀರಾ ಒಳಗಿನ ತಿರುಳಿನಲ್ಲೇ ಕೂತಿತ್ತು. ತಾನು ಬೀಳುವಾಗ ಯಂತ್ರವನ್ನೂ ಎಳೆದುಕೊಂಡೇ ಬಿತ್ತು. ಎಪ್ಪತ್ತೆಂಟು ನಿಮಿಷದಲ್ಲಿ ಕಡತ ವಾಪಸಾಯಿತು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಲೆಕ್ಕದಂತೆ, 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸುತ್ತಿದ್ದವು.

ಷೇರುಪೇಟೆ ತೆರೆಯಲು ಇನ್ನೂ ಎಂಟು ಗಂಟೆ ಇತ್ತು. ಈ ಷೇರು ಇಟ್ಟುಕೊಂಡವರಿಗೆ ಆ ಎಂಟು ಗಂಟೆಯೇ ನಿಜವಾದ ಪರೀಕ್ಷೆ.

ಮೊದಲು ಹಬ್ಬಿದ ಸುದ್ದಿ, ತಪ್ಪು ಮೈಕ್ರೋಸಾಫ್ಟ್‌ನದು ಎಂದು. ಹಿಂದಿನ ಸಂಜೆ ಅಮೆರಿಕದ ಮಧ್ಯಭಾಗದಲ್ಲಿ ಅದರ ಅಜೂರ್ ಕ್ಲೌಡ್ ಸೇವೆ ಕೈಕೊಟ್ಟಿತ್ತು. ಎರಡೂ ಬೇರೆ ಬೇರೆ ಘಟನೆಗಳಾದರೂ ಒಂದೇ ಎಂಬಂತೆ ಕಲಸಿಹೋದವು. ಆಮೇಲೆ ಸೈಬರ್ ದಾಳಿ ಎಂಬ ಗುಲ್ಲು. ಅದೂ ಸುಳ್ಳು. ಇಂಥ ಹೊತ್ತಿನಲ್ಲಿ ಶೀರ್ಷಿಕೆಗಳಿಗಿಂತ ಕಂಪನಿ ಗ್ರಾಹಕರಿಗೆ ಕೊಟ್ಟ ದುರಸ್ತಿ ಸೂಚನೆ ಹೆಚ್ಚು ಹೇಳುತ್ತದೆ. ಆ ದಿನದ ಸೂಚನೆ ಇಷ್ಟೇ: ಯಂತ್ರವನ್ನು ಸೇಫ್ ಮೋಡ್‌ನಲ್ಲಿ ತೆರೆಯಿರಿ, ಕ್ರೌಡ್‌ಸ್ಟ್ರೈಕ್ ಫೋಲ್ಡರಿನಲ್ಲಿ 291 ಸಂಖ್ಯೆಯ ಕಡತ ಹುಡುಕಿ ಅಳಿಸಿ, ಮತ್ತೆ ಚಾಲೂ ಮಾಡಿ. ಇದರಿಂದ ಎರಡು ಸಂಗತಿ ಹೊರಬೀಳುತ್ತವೆ. ಕಾರಣ ಗೊತ್ತಾಗಿದೆ, ಗ್ರಾಹಕರ ಮಾಹಿತಿ ಕಳುವಾಗಿಲ್ಲ. ಆದರೆ ಅನೇಕ ಕಡೆ ಯಂತ್ರಯಂತ್ರದ ಮುಂದೆ ಒಬ್ಬರು ಕೂರಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಉದ್ದನೆಯ ಕೀಲಿಸಂಖ್ಯೆಯನ್ನೂ ಹುಡುಕಬೇಕು. ಅಂದರೆ ತಪ್ಪು ನಿಮಿಷಗಳದ್ದು, ಚೇತರಿಕೆ ದಿನಗಳದ್ದು. ಸಿಟ್ಟೂ ಅಷ್ಟೇ ದಿನ ಬೆಳೆಯುತ್ತದೆ.

ಈಗ ಬೆಲೆ. ಗುರುವಾರ 343 ಡಾಲರಿಗೆ ಮುಗಿದಿದ್ದ ಷೇರು ಶುಕ್ರವಾರ ತೆರೆದದ್ದೇ 300ರ ಕೆಳಗೆ. ದಿನದ ಕೊನೆಗೆ 305, ಶೇ 11ರ ಇಳಿಕೆ. 320ಕ್ಕೆ ಸ್ಟಾಪ್‌ಲಾಸ್ ಹಾಕಿ ನಿಶ್ಚಿಂತೆಯಾಗಿ ಮಲಗಿದ್ದವರ ಗತಿ ಏನಾಯಿತು ನೋಡಿ. ಸ್ಟಾಪ್‌ಲಾಸ್ ಎಂದರೆ 320ಕ್ಕೆ ಮಾರುತ್ತೇನೆ ಎಂಬ ವಚನವಲ್ಲ. 320 ಮುಟ್ಟಿದರೆ ಆಗ ಸಿಕ್ಕ ಬೆಲೆಗೆ ಮಾರು ಎಂಬ ಆಜ್ಞೆ. ರಾತ್ರಿ ಬಿದ್ದ ಷೇರು 320ನ್ನು ಹಾದೇ ಹೋಗಲಿಲ್ಲ, ಹಾರಿಬಿಟ್ಟಿತು. ಅವರ ಮಾಲು ಬಾಗಿಲು ತೆರೆದ ಬೆಲೆಗೆ, ಅಂದರೆ ಸಂಜೆಯ ಬೆಲೆಗಿಂತಲೂ ಕಡಿಮೆಗೆ ಹೋಯಿತು. ಸ್ಟಾಪ್ ಲಿಮಿಟ್ ಹಾಕಿ ಕನಿಷ್ಠ 318 ಎಂದು ಬರೆದಿದ್ದವರ ಷೇರು ಮಾರಾಟವೇ ಆಗಲಿಲ್ಲ. ಸೋಮವಾರ ಇನ್ನೂ ಶೇ 13 ಬಿದ್ದು 264ಕ್ಕೆ ಬಂದಾಗ, ಶುಕ್ರವಾರ ಬೆಳಗ್ಗೆ ಕೆಟ್ಟ ಬೆಲೆಗೆ ಮಾರಿದವರೇ ಜಾಣರಂತೆ ಕಂಡರು! ರಾತ್ರಿ ಬೀಳುವ ಷೇರಿಗೆ ಸ್ಟಾಪ್ ಆಸರೆಯಾಗುವುದಿಲ್ಲ. ಒಂದೇ ದಿನ ಕಾಲುಭಾಗ ಹೋದರೂ ತಡೆದುಕೊಳ್ಳುವಷ್ಟು ಮಾತ್ರ ಕೊಳ್ಳುವುದೊಂದೇ ಆಸರೆ. ಆ ಬೆಳಗ್ಗೆ ಪುಟ್ ಆಪ್ಷನ್ (ನಿಗದಿತ ಬೆಲೆಗೆ ಷೇರು ಮಾರುವ ಹಕ್ಕು) ಕೊಂಡು ರಕ್ಷಣೆ ಪಡೆಯಲು ಹೊರಟವರಿಗೆ ಪ್ರೀಮಿಯಂ ಆಗಲೇ ಉಬ್ಬಿತ್ತು. ಮನೆಗೆ ಬೆಂಕಿ ಬಿದ್ದ ಮೇಲೆ ವಿಮೆ ಕೇಳಿದ ಹಾಗೆ.

ಆಗಸ್ಟ್ ಮೊದಲ ವಾರದಲ್ಲಿ ಬೆಲೆ 220ರ ಕೆಳಗಿಳಿಯಿತು. ಆ ವಾರ ಇಡೀ ಪೇಟೆಯೇ ಕುಸಿದಿತ್ತು. ಆದ್ದರಿಂದ ಪೂರ್ತಿ ಪಾಪವನ್ನು ಕಡತ 291ರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಲೆಕ್ಕ ಹಾಕಿ. ಸುಮಾರು 24 ಕೋಟಿ ಷೇರುಗಳು. 343ರಲ್ಲಿ ಕಂಪನಿಯ ಬೆಲೆ 8,300 ಕೋಟಿ ಡಾಲರ್ ಆಸುಪಾಸು, 220ರಲ್ಲಿ 5,300 ಕೋಟಿ. ಹೋದದ್ದು 3,000 ಕೋಟಿ. ಆಗಸ್ಟ್ 28ಕ್ಕೆ ಫಲಿತಾಂಶ ಬಂದಾಗ ಕಂಪನಿ ಆ ಹಣಕಾಸು ವರ್ಷದ ವರಮಾನದ ಅಂದಾಜನ್ನು 398–401 ಕೋಟಿಯಿಂದ 389–390 ಕೋಟಿ ಡಾಲರಿಗೆ ಇಳಿಸಿತು. ಹತ್ತು ಕೋಟಿ!

ಹತ್ತು ಕೋಟಿಗೆ ಮೂರು ಸಾವಿರ ಕೋಟಿಯ ದಂಡವೇ ಎಂದು ನಗುವುದು ಸುಲಭ. ಪೇಟೆ ಹುಚ್ಚೇನೂ ಆಗಿರಲಿಲ್ಲ. ವರ್ಷದ ವರಮಾನದ ಇಪ್ಪತ್ತು ಪಟ್ಟು ಬೆಲೆ ಕೊಡುವವರು ಈ ವರ್ಷದ ಗಳಿಕೆಗೆ ಕೊಡುತ್ತಿರುವುದಿಲ್ಲ, ಐದಾರು ವರ್ಷ ಆಚೆಯದಕ್ಕೆ ಕೊಡುತ್ತಿರುತ್ತಾರೆ. ವರ್ಷಕ್ಕೆ ಶೇ 30ರಂತೆ ಬೆಳೆದರೆ ಐದು ವರ್ಷದಲ್ಲಿ ವರಮಾನ 3.7 ಪಟ್ಟಾಗುತ್ತದೆ, ಶೇ 25ರಂತೆ ಬೆಳೆದರೆ 3.05 ಪಟ್ಟು. ಬೆಳವಣಿಗೆಯಲ್ಲಿ ಐದು ಅಂಶ ಕಡಿಮೆಯಾದರೆ ಕೊನೆಯ ಮೊತ್ತದಲ್ಲಿ ಶೇ 18 ಖೋತಾ. ಅದರ ಮೇಲೆ, ನಿಧಾನವಾದ ಕಂಪನಿಗೆ ಇಪ್ಪತ್ತು ಪಟ್ಟು ಯಾರೂ ಕೊಡುವುದಿಲ್ಲ. ಎರಡೂ ಗುಣಿಸಿದರೆ ಮೂರನೇ ಒಂದು ಭಾಗ ಹೋಗುವುದು ಲೆಕ್ಕಕ್ಕೆ ಸಿಗುತ್ತದೆ. ಈ ವಲಯದ ಏರಿಳಿತಕ್ಕೆ ಹ್ಯಾಕರ್‌ಗಳಿಗಿಂತ ಈ ಗುಣಾಕಾರವೇ ದೊಡ್ಡ ಕಾರಣ.

ಹಾಗಾಗಿ ಪ್ರಶ್ನೆ ಒಂದೇ: ಗ್ರಾಹಕರು ಬಿಟ್ಟುಹೋಗುತ್ತಾರೆಯೇ? ಇದಕ್ಕೆ ಉತ್ತರ ಒಂದು ವಾರದಲ್ಲಿ ಸಿಗುವುದಿಲ್ಲ. ಚಂದಾ ಕರಾರುಗಳು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದವು. ಸಿಟ್ಟಾದವರೂ ಅವಧಿ ಮುಗಿಯುವ ತನಕ ಕಾಯಬೇಕು, ಹತ್ತಾರು ಸಾವಿರ ಯಂತ್ರಗಳಿಂದ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಬೇಕು. ಅದೇ ಶುಕ್ರವಾರ ಪ್ರತಿಸ್ಪರ್ಧಿ ಸೆಂಟಿನೆಲ್‌ಒನ್ ಶೇ 8ರಷ್ಟು ಜಿಗಿದಾಗ ಹಿಂದೆ ಓಡಿದವರು ಈ ಕಾಯುವಿಕೆಯನ್ನು ಮರೆತಿದ್ದರು.

ಮುಂದಿನ ತ್ರೈಮಾಸಿಕದಲ್ಲಿ ಹಳೆಯ ಚಂದಾ ಉಳಿಕೆ ಶೇ 97 ಎಂದು ಕಂಪನಿ ಹೇಳಿತು. ಒಳ್ಳೆಯದೇ. ಆದರೆ ಆ ಅವಧಿಯಲ್ಲಿ ನವೀಕರಣಕ್ಕೆ ಬಂದ ಕರಾರುಗಳಷ್ಟೇ ಪರೀಕ್ಷೆಗೆ ಒಳಗಾಗಿದ್ದವು. ಜೊತೆಗೆ ಗ್ರಾಹಕರನ್ನು ಸಮಾಧಾನಪಡಿಸಲು ಹೆಚ್ಚುವರಿ ಮಾಡ್ಯೂಲ್‌ಗಳನ್ನೂ ಹೆಚ್ಚುವರಿ ಅವಧಿಯನ್ನೂ ಕೊಡಲಾಗಿತ್ತು. ಅದರಿಂದ ತಲಾ ತ್ರೈಮಾಸಿಕಕ್ಕೆ ಸುಮಾರು 3 ಕೋಟಿ ಡಾಲರ್ ಚಂದಾ ವರಮಾನ ತಗ್ಗುತ್ತದೆಂದು ಕಂಪನಿಯೇ ಮೊದಲು ತಿಳಿಸಿತ್ತು. ಬಿಟ್ಟಿ ಸಿಕ್ಕದ್ದಕ್ಕೆ ಮುಂದೆ ದುಡ್ಡು ಕೊಡುತ್ತಾರೋ ಇಲ್ಲವೋ ಎಂಬುದು ಉಳಿಕೆಯ ಅಂಕಿಯಲ್ಲಿ ಕಾಣುವುದಿಲ್ಲ. ಅದಕ್ಕೆ ನಿವ್ವಳ ಉಳಿಕೆ ನೋಡಬೇಕು, ಅಂದರೆ ಹಳೆಯ ಗ್ರಾಹಕರೇ ಕಳೆದ ವರ್ಷಕ್ಕಿಂತ ಎಷ್ಟು ಹೆಚ್ಚು ಕೊಟ್ಟರು ಎಂಬುದು. ಅದು ಶೇ 115 ಇತ್ತು, ಅಂದರೆ ಶೇ 15 ಹೆಚ್ಚು.

ಇನ್ನೊಂದು ಕಡೆಯೂ ಕಣ್ಣಿರಲಿ. 2024ರ ಜನವರಿಗೆ ಮುಗಿದ ವರ್ಷ ಈ ಕಂಪನಿಯ ಕೈಯಲ್ಲಿ ಉಳಿದ ನಗದು ಸುಮಾರು 94 ಕೋಟಿ ಡಾಲರ್. ಉದ್ಯೋಗಿಗಳಿಗೆ ಷೇರಿನ ರೂಪದಲ್ಲಿ ಕೊಟ್ಟದ್ದು 63 ಕೋಟಿ. ನಗದು ಹೋಗಿಲ್ಲ ನಿಜ. ಹೋದದ್ದು ಷೇರುದಾರರ ಪಾಲು.

ಎಲ್ಲ ಕುಸಿತವೂ ಇದೇ ಜಾತಿಯದಲ್ಲ. ಅದೇ ವರ್ಷ ಫೆಬ್ರವರಿ 21ರಂದು ಇದೇ ವಲಯದ ಪಾಲೊ ಆಲ್ಟೊ ನೆಟ್‌ವರ್ಕ್ಸ್ ಒಂದೇ ದಿನ ಶೇ 28 ಬಿತ್ತು. ಯಾವ ಯಂತ್ರವೂ ನಿಂತಿರಲಿಲ್ಲ. ಗ್ರಾಹಕರನ್ನು ತನ್ನ ಪೂರ್ತಿ ವೇದಿಕೆಗೆ ಸೆಳೆಯಲು, ಅವರ ಹಳೆಯ ಕರಾರು ಮುಗಿಯುವವರೆಗೆ ಉಚಿತವಾಗಿ ಕೊಡುತ್ತೇವೆಂದು ಕಂಪನಿ ಬಿಲ್ಲಿಂಗ್ (ಗ್ರಾಹಕರಿಗೆ ಹಾಕುವ ಬಿಲ್ಲಿನ ಮೊತ್ತ) ಅಂದಾಜು ಇಳಿಸಿತ್ತು. 2023ರ ಜೂನ್‌ನಲ್ಲಿ ಸೆಂಟಿನೆಲ್‌ಒನ್ ಶೇ 35 ಬಿದ್ದದ್ದು ವಾರ್ಷಿಕ ಚಂದಾ ಮೊತ್ತವನ್ನು ಹಿಂದೆ ಹೆಚ್ಚಾಗಿ ಎಣಿಸಿದ್ದೆವೆಂದು ಒಪ್ಪಿಕೊಂಡಾಗ. ಮೂರರಲ್ಲಿ ಈ ಕೊನೆಯದೇ ಹೆಚ್ಚು ಹೆದರಿಸಬೇಕಾದದ್ದು. ತಂತ್ರಾಂಶದ ದೋಷ ತಿದ್ದಬಹುದು, ಬೆಲೆನೀತಿ ಬದಲಿಸಬಹುದು. ಅಳತೆಗೋಲೇ ತಪ್ಪಿತ್ತೆಂದರೆ ಹಿಂದೆ ಹಾಕಿದ ಲೆಕ್ಕವನ್ನೆಲ್ಲ ಮತ್ತೆ ಹಾಕಬೇಕು.

ನವೆಂಬರ್ ಹೊತ್ತಿಗೆ ಕ್ರೌಡ್‌ಸ್ಟ್ರೈಕ್ ಷೇರು 343ನ್ನು ಮತ್ತೆ ದಾಟಿತ್ತು. ಆದರೆ ಅಕ್ಟೋಬರ್‌ನಲ್ಲಿ ಡೆಲ್ಟಾ ವಿಮಾನ ಕಂಪನಿ ಜಾರ್ಜಿಯಾದಲ್ಲಿ ಮೊಕದ್ದಮೆ ಹೂಡಿತ್ತು. ಅದು ಹೇಳಿದ ನಷ್ಟ 50 ಕೋಟಿ ಡಾಲರ್. ಕರಾರಿನ ಪ್ರಕಾರ ತಮ್ಮ ಹೊಣೆ ಒಂದು ಕೋಟಿ ಡಾಲರಿಗೂ ಕಡಿಮೆ ಎಂಬುದು ಕ್ರೌಡ್‌ಸ್ಟ್ರೈಕ್ ವಕೀಲರ ವಾದ. ಈ ಎರಡು ಅಂಕಿಗಳ ನಡುವಿನ ಅಂತರ ಫಲಿತಾಂಶದ ಮೊದಲ ಪುಟದಲ್ಲಿ ಸಿಗುವುದಿಲ್ಲ. ತ್ರೈಮಾಸಿಕ ವರದಿಯ ಹಿಂಭಾಗದಲ್ಲಿ, ಕಾನೂನು ವಿವಾದಗಳ ಟಿಪ್ಪಣಿಯಲ್ಲಿ ಹುಡುಕಬೇಕು.