ಹಗ್ಗ ಬಿಟ್ಟದ್ದು ಎಷ್ಟು ಎತ್ತರದಲ್ಲಿ?

ಸಾದಾ ಗ್ಲೈಡರಿಗೆ ಇಂಜಿನ್ನಿಲ್ಲ; ಟಗ್ ಎಂಬ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆಯುತ್ತದೆ, ಆಮೇಲೆ ಗ್ಲೈಡರ್ ಹಗ್ಗ ಬಿಡುವುದೇ ರಿಲೀಸ್. ನಮ್ಮ ಸಾಫ್ಟ್‌ವೇರ್ ಕೆಲಸದ ಟಿಕೆಟಿನಲ್ಲಿ ಇದ್ದದ್ದು ಒಂದೇ ಸಾಲು: "ರಿಲೀಸ್ ಎತ್ತರ 600 ಮೀಟರ್ ದಾಟಿದರೆ ಪೆನಾಲ್ಟಿ ತೋರಿಸಬೇಕು." ಎರಡು ಸ್ಟೋರಿ ಪಾಯಿಂಟ್, ಅಂದರೆ ಸಾಫ್ಟ್‌ವೇರಿನವರ ಅಳತೆಯಲ್ಲಿ ಸಣ್ಣ ಕೆಲಸ. ಒಂದು ಇಫ್, ಒಂದು ಎಲ್ಸ್, ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಯುವ ಕೆಲಸ ಎಂದು ಎಸ್ಟಿಮೇಟ್ ಹಾಕಿದವರು ಗ್ಲೈಡರನ್ನು ಹತ್ತಿರದಿಂದ ನೋಡಿದವರಲ್ಲ.

ಯುರೋಪಿನ ಗ್ಲೈಡಿಂಗ್ ಸ್ಪರ್ಧೆಗಳ ಸ್ಕೋರಿಂಗ್ ಮಂಗಳೂರಿನ ಆಫೀಸಿನಲ್ಲಿ ಕುಳಿತು ಮಾಡುವುದರಲ್ಲಿ ಒಂದು ತಮಾಷೆ ಉಂಟು. ಅಲ್ಲಿ ಥರ್ಮಲ್ (ಗ್ಲೈಡರನ್ನು ಎತ್ತುವ ಬಿಸಿಗಾಳಿಯ ಏರುಪ್ರವಾಹ) ಚೆನ್ನಾಗಿ ಏಳುವ ತಿಂಗಳುಗಳಲ್ಲಿ ಇಲ್ಲಿ ಧಾರಾಕಾರ ಮಳೆ. ಅಲ್ಲಿಗಿಂತ ನಾವು ಮೂರೂವರೆ ಗಂಟೆ ಮುಂದೆ. ಗ್ಲೈಡರುಗಳು ಸಂಜೆ ಇಳಿದು ಐಜಿಸಿ ಫೈಲ್ (ಲಾಗರ್ ಎಂಬ ಉಪಕರಣ ಬರೆದಿಟ್ಟ ಹಾರಾಟದ ದಾಖಲೆ) ಅಪ್‌ಲೋಡ್ ಆಗುವಾಗ ಇಲ್ಲಿ ರಾತ್ರಿ ಹತ್ತು ದಾಟಿರುತ್ತದೆ. ಅವರ ಬೆಳಗ್ಗೆ ಹತ್ತರ ಬ್ರೀಫಿಂಗ್ ನಮಗೆ ಮಧ್ಯಾಹ್ನ ಒಂದೂವರೆ.

ಆ ದಿನ ಒಂದು ಗಂಟೆಗೆ ಪೆನಾಲ್ಟಿ ಪಟ್ಟಿ ಹೊರಟಿತು. ಪಟ್ಟಿಯ ಮೇಲ್ತುದಿಯಲ್ಲಿ ಇದ್ದವರ ಹೆಸರು ನೋಡಿ ಸ್ಕೋರರ್ ಕಾಲ್ ಮಾಡಿದರು: ಈತ ಏರ್‌ಫೀಲ್ಡಿನ ಪಕ್ಕದಲ್ಲೇ, ಎಲ್ಲರಿಗಿಂತ ಕೆಳಗೆ ಹಗ್ಗ ಬಿಟ್ಟವನು, ಗ್ರಿಡ್ಡಿನಲ್ಲಿ, ಅಂದರೆ ಗ್ಲೈಡರುಗಳು ಹಾರಲು ಸಾಲು ನಿಂತ ಜಾಗದಲ್ಲಿ, ಇದ್ದವರೆಲ್ಲ ನೋಡಿದ್ದಾರೆ. ನಮ್ಮ ಲೆಕ್ಕ ಹೇಳುತ್ತಿದ್ದದ್ದು 900 ಮೀಟರ್. ಬ್ರೀಫಿಂಗಿಗೆ ಅರ್ಧ ಗಂಟೆ ಬಾಕಿ.

"ಎಂತ ಮಾಡುವುದು ಮಾರಾಯ್ರೆ, ಪಟ್ಟಿ ಹಿಂದೆ ತೆಗೆಯುವುದಾ?"

"ತೆಗೀರಿ. ಮೊದಲು ತೆಗೀರಿ, ಕಾರಣ ಆಮೇಲೆ ನೋಡುವ."

ಇಷ್ಟು ಮಾಡುವುದಕ್ಕೆ ಇಪ್ಪತ್ತು ನಿಮಿಷ ಹೋಯಿತು, ಯಾಕೆಂದರೆ ಪಬ್ಲಿಶ್ ಆದ ಪಟ್ಟಿಯನ್ನು ಹಿಂದೆಗೆಯುವ ಬಟನ್ ನಮ್ಮ ಟೂಲಿನಲ್ಲೇ ಇರಲಿಲ್ಲ. ಅದಕ್ಕೆ ಬೇರೆ ಟಿಕೆಟ್, ಬೇರೆ ಅಪ್ರೂವಲ್.

ಕಾರಣ ಏನು? ಸಾದಾ ಗ್ಲೈಡರಿನ ಐಜಿಸಿ ಫೈಲಿನಲ್ಲಿ "ಹಗ್ಗ ಬಿಟ್ಟೆ" ಎಂದು ಎಲ್ಲೂ ಬರೆದಿರುವುದಿಲ್ಲ. ಬಿ ರೆಕಾರ್ಡಿನಲ್ಲಿ, ಅಂದರೆ ಪ್ರತಿ ಫಿಕ್ಸಿನ (ಒಂದು ಕ್ಷಣದ ಸ್ಥಾನದ) ಸಾಲಿನಲ್ಲಿ, ಸಮಯ, ಅಕ್ಷಾಂಶ, ರೇಖಾಂಶ, ಪ್ರೆಶರ್ (ಗಾಳಿಯ ಒತ್ತಡದಿಂದ ಅಳೆದ) ಎತ್ತರ, ಜಿಪಿಎಸ್ ಎತ್ತರ, ಅಷ್ಟೆ. ರಿಲೀಸನ್ನು ಊಹಿಸಬೇಕು. ಕೋಡ್ ಊಹಿಸುತ್ತಿದ್ದದ್ದು ಏರುವುದು ನಿಂತ ಕ್ಷಣವನ್ನು. ಆದರೆ ಒಳ್ಳೆಯ ಪೈಲಟ್ ಹಗ್ಗ ಬಿಡುವುದೇ ಥರ್ಮಲ್ಲಿನ ಒಳಗೆ. ಟಗ್ ಎಳೆಯುವಾಗ ಸೆಕೆಂಡಿಗೆ 3 ಮೀಟರ್ ಏರುತ್ತಿದ್ದವನು ಬಿಟ್ಟ ಮೇಲೂ 3 ಮೀಟರಿನಲ್ಲೇ ಏರಿದರೆ ಗ್ರಾಫಿನಲ್ಲಿ ಮುರಿವೇ ಕಾಣುವುದಿಲ್ಲ. ಎಷ್ಟು ಚೆನ್ನಾಗಿ ಹಾರಿದನೋ ಅಷ್ಟು ದೊಡ್ಡ ಪೆನಾಲ್ಟಿ.

ನೋಡಬೇಕಾದ್ದು ಬೇರೆ ಮೂರು. ವೇಗ: ಹಗ್ಗದಲ್ಲಿ ಗಂಟೆಗೆ 120ರಿಂದ 140 ಕಿಲೋಮೀಟರ್ ಇದ್ದದ್ದು ಬಿಟ್ಟ ಕೂಡಲೇ ಬೀಳುತ್ತದೆ, ಗಾಳಿಯ ವೇಗ, ದಿಕ್ಕು ಕಳೆದು ಲೆಕ್ಕ ಹಾಕಬೇಕು, ಗ್ರೌಂಡ್ ಸ್ಪೀಡನ್ನೇ ನಂಬಿದರೆ ಹಿಂಗಾಳಿಯಲ್ಲಿ ಮೋಸ. ತಿರುಗುವಿಕೆ: ಥರ್ಮಲ್ಲಿನಲ್ಲಿ ಗ್ಲೈಡರ್ 20–25 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ, ಗ್ಲೈಡರ್ ಕಟ್ಟಿಕೊಂಡ ಟಗ್ ಅಷ್ಟು ಬಿಗಿಯಾಗಿ ಸುತ್ತುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಗಟ್ಟಿ: ಟಗ್ಗಿನ ಟ್ರ್ಯಾಕ್. ಎರಡರ ಅಂತರ ಹಗ್ಗದ ಉದ್ದ ದಾಟಿತು ಎಂದರೆ ಬಿಟ್ಟಾಯಿತು, ವಾದವಿಲ್ಲ. ಹಗ್ಗ ಸಾಮಾನ್ಯವಾಗಿ 40ರಿಂದ 60 ಮೀಟರ್. ಇಲ್ಲೂ ಒಂದು ಗುಂಡಿ ಉಂಟು. ಲಾಗರ್ 5 ಸೆಕೆಂಡಿಗೊಂದು ಫಿಕ್ಸ್ ಬರೆಯುತ್ತಿದ್ದರೆ, 130 ಕಿಲೋಮೀಟರ್ ವೇಗದಲ್ಲಿ ಎರಡು ಫಿಕ್ಸುಗಳ ನಡುವೆ 180 ಮೀಟರ್ ಕಳೆದಿರುತ್ತದೆ. ಎರಡೂ ಫೈಲುಗಳನ್ನು ಒಂದೇ ಸೆಕೆಂಡಿಗೆ ಇಂಟರ್ಪೊಲೇಟ್ ಮಾಡದೆ (ಫಿಕ್ಸುಗಳ ನಡುವಿನ ಸ್ಥಾನ ಲೆಕ್ಕ ಹಾಕದೆ) ಅಂತರ ಅಳೆದರೆ ರನ್‌ವೇಯಲ್ಲೇ ಹಗ್ಗ ಬಿಟ್ಟಂತೆ ಬರುತ್ತದೆ.

ಇನ್ನು ಎತ್ತರ. ಐಜಿಸಿ ಫೈಲಿನ ಪ್ರೆಶರ್ ಎತ್ತರ 1013.25 ಹೆಕ್ಟೊಪಾಸ್ಕಲ್ ಆಧಾರದ್ದು, ಆ ದಿನದ ಸಮುದ್ರಮಟ್ಟದ ಒತ್ತಡ, ಅಂದರೆ ಕ್ಯೂಎನ್‌ಎಚ್ ಅದಕ್ಕೆ ಗೊತ್ತಿಲ್ಲ. 1 ಹೆಕ್ಟೊಪಾಸ್ಕಲ್ ಎಂದರೆ ತಗ್ಗಿನಲ್ಲಿ ಸುಮಾರು 8 ಮೀಟರ್. ಕ್ಯೂಎನ್‌ಎಚ್ 1003 ಇದ್ದ ದಿನ ಪ್ರಾಮಾಣಿಕರೆಲ್ಲ 80 ಮೀಟರ್ ಮೇಲೆ ಕಾಣುತ್ತಾರೆ. 1025 ಇದ್ದ ದಿನ 90 ಮೀಟರ್ ಮೀರಿದವನೂ ಸಭ್ಯನಾಗಿಬಿಡುತ್ತಾನೆ. ಹಾಗಾದರೆ ಜಿಪಿಎಸ್ ಎತ್ತರ ಹಿಡಿಯುವ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಡಬ್ಲ್ಯುಜಿಎಸ್-84 ಎಲಿಪ್ಸಾಯ್ಡಿನಿಂದ (ಲೆಕ್ಕಕ್ಕಾಗಿ ಭೂಮಿಗೆ ಹೊಂದಿಸಿದ ನಯವಾದ ಆಕೃತಿಯಿಂದ) ಸಾಮಾನ್ಯವಾಗಿ ಅಳೆದದ್ದು, ಸಮುದ್ರಮಟ್ಟದಿಂದ ಅಲ್ಲ. ಮಧ್ಯ ಯುರೋಪಿನಲ್ಲಿ ಸಮುದ್ರಮಟ್ಟಕ್ಕಿಂತ ನಲವತ್ತು ಚಿಲ್ಲರೆ ಮೀಟರ್ ಹೆಚ್ಚು ತೋರಿಸುತ್ತದೆ. ನಮ್ಮಲ್ಲಿ ತದ್ವಿರುದ್ಧ: ಮಂಗಳೂರಿನ ಪಣಂಬೂರು ಕಡಲತೀರದ ಮರಳಿನಲ್ಲಿ ಲಾಗರ್ ಇಟ್ಟರೆ ಅದು ಸಮುದ್ರದಿಂದ 80 ಮೀಟರಿಗೂ ಹೆಚ್ಚು ಕೆಳಗಿದ್ದೇನೆ ಎಂದು ಬರೆಯುತ್ತದೆ. ಇಲ್ಲಿ ಟೆಸ್ಟ್ ಮಾಡಿ ಪಾಸಾದ ಕೋಡ್ ಅಲ್ಲಿ ಉಲ್ಟಾ ಹೊಡೆಯಲಿಕ್ಕೆ ಇದೇ ಸಾಕು. ಹೆಡರಿನಲ್ಲಿ ಎಚ್‌ಎಫ್‌ಎಎಲ್‌ಜಿ ಸಾಲು ಇದ್ದರೆ ಎಲಿಪ್ಸಾಯ್ಡೋ ಜಿಯಾಯ್ಡೋ (ಸಮುದ್ರಮಟ್ಟ) ಎಂದು ತಿಳಿಯುತ್ತದೆ. ಫೈಲ್ ಓದುವ ನಮ್ಮ ಪಾರ್ಸರ್ ಆ ಸಾಲನ್ನು ಹಾರಿಸಿಕೊಂಡು ಹೋಗುತ್ತಿತ್ತು.

ಪರಿಹಾರ ಸಣ್ಣದು. ಗ್ರಿಡ್ಡಿನಲ್ಲಿ ಗ್ಲೈಡರ್ ನಿಂತಿರುವಾಗಿನ ಒಂದು ನಿಮಿಷದ ಪ್ರೆಶರ್ ಎತ್ತರದ ಮೀಡಿಯನ್ (ನಡುವಿನ ಬೆಲೆ) ತೆಗೆದು ಅದನ್ನೇ ಸೊನ್ನೆ ಮಾಡಿ, ಅದೇ ಸೆನ್ಸರಿನ ರಿಲೀಸ್ ಎತ್ತರದಿಂದ ಕಳೆಯಿರಿ. ಕ್ಯೂಎನ್‌ಎಚ್ ತಾನಾಗಿ ವಜಾ ಆಗುತ್ತದೆ. ಜಿಪಿಎಸ್ಸಿಗಿಂತ ಪ್ರೆಶರೇ ನ್ಯಾಯ, ಯಾಕೆಂದರೆ ಪೈಲಟ್ ನೋಡುವ ಅಲ್ಟಿಮೀಟರೂ ಪ್ರೆಶರಿನದ್ದೇ. ಗಾಳಿ ಐಎಸ್‌ಎಗಿಂತ (ಅಲ್ಟಿಮೀಟರಿನ ಲೆಕ್ಕಕ್ಕೆ ಇಟ್ಟುಕೊಂಡ ಮಾದರಿ ವಾತಾವರಣಕ್ಕಿಂತ) 10 ಡಿಗ್ರಿ ಬಿಸಿಯಿದ್ದರೆ ಅಲ್ಟಿಮೀಟರ್ ಸುಮಾರು ಶೇಕಡಾ 4 ಕಡಿಮೆ ತೋರಿಸುತ್ತದೆ, 600ಕ್ಕೆ 24 ಮೀಟರ್. ಅಷ್ಟಕ್ಕೆ ಯಾರನ್ನೂ ಶಿಕ್ಷಿಸಬಾರದು. ಸ್ವಂತ ಇಂಜಿನ್ನಿನಲ್ಲಿ ಏಳುವ ಗ್ಲೈಡರುಗಳಿಗೆ ಇಎನ್‌ಎಲ್ (ಲಾಗರ್ ಬರೆಯುವ ಸದ್ದಿನ ಅಳತೆ) ಇದೆ, ಜೆಟ್ ಮತ್ತು ಎಲೆಕ್ಟ್ರಿಕ್ಕಿಗೆ ಮಾಪ್ (ಇಂಜಿನ್ ಓಡುತ್ತಿದೆಯೇ ಎಂದು ಹೇಳುವ ಇನ್ನೊಂದು) ಸಂಖ್ಯೆ ಬೇಕು. ಅಲ್ಲಿ ತಲೆನೋವು ಕಡಿಮೆ.

ಇಲ್ಲಿಗೆ ನಿಂತಿದ್ದರೆ ಇದು ಬರೀ ಬಗ್ಗಿನ ಕತೆ. ಆದರೆ ಸಾಫ್ಟ್‌ವೇರಿನ ಮುಂದಿನ ರಿಲೀಸ್ ನೋಟಿನಲ್ಲಿ ಮ್ಯಾನೇಜ್‌ಮೆಂಟ್ ಈ ಮಾಡ್ಯೂಲಿಗೆ ಇಟ್ಟ ಹೆಸರು "ಲಾಂಚ್ ಸೇಫ್ಟಿ". ಅದನ್ನು ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರಲಿಕ್ಕೆ ಆಗುವುದಿಲ್ಲ.

ಎತ್ತರದ ಮಿತಿ ಮುಖ್ಯವಾಗಿ ಎಲ್ಲರಿಗೂ ಸಮಾನ ಆರಂಭ ಕೊಡಲಿಕ್ಕೆ ಇರುವುದು. ಹಗ್ಗದಲ್ಲಿ ಜೀವ ಹೋಗುವ ಬಗೆಗಳು ಬೇರೆ, ಅವುಗಳಲ್ಲಿ ಹೆಚ್ಚಿನವು ಲಾಗಿನಲ್ಲಿ ಗುರುತೇ ಬಿಡುವುದಿಲ್ಲ. ಗ್ಲೈಡರ್ ಟಗ್ಗಿಗಿಂತ ಮೇಲೆ ಏರಿಹೋಯಿತು ಎಂದುಕೊಳ್ಳಿ. ಹಗ್ಗ ಟಗ್ಗಿನ ಬಾಲವನ್ನು ಮೇಲಕ್ಕೆಳೆಯುತ್ತದೆ, ಮೂತಿ ನೆಲಕ್ಕೆ ತಿರುಗುತ್ತದೆ, ಟಗ್ ಪೈಲಟ್ ಸ್ಟಿಕ್ ಪೂರ್ತಿ ಹಿಂದಕ್ಕೆಳೆದರೂ ಏಳುವುದಿಲ್ಲ. ಇಡೀ ಪ್ರಕರಣ ಎರಡು ಮೂರು ಸೆಕೆಂಡಿನದ್ದು, ಹೋಗುವ ಎತ್ತರ ನೂರಾರು ಅಡಿ. ಮೂತಿಯ ಹುಕ್ಕಿನ ಬದಲು ಹೊಟ್ಟೆಯ ಸಿಜಿ ಹುಕ್ಕಿನಲ್ಲಿ (ಸೆಂಟರ್ ಆಫ್ ಗ್ರಾವಿಟಿ, ಅಂದರೆ ತೂಕದ ಕೇಂದ್ರದ ಹತ್ತಿರದ ಕೊಂಡಿಯಲ್ಲಿ) ಎಳೆಸಿಕೊಂಡರೆ, ಹಗ್ಗ ಗಿಡ್ಡವಿದ್ದರೆ, ಸೆಂಟರ್ ಆಫ್ ಗ್ರಾವಿಟಿ ಹಿಂದಿದ್ದರೆ ಅಪಾಯ ಇನ್ನೂ ಹೆಚ್ಚು. 5 ಸೆಕೆಂಡಿನ ಲಾಗಿನಲ್ಲಿ ಎರಡು ಫಿಕ್ಸುಗಳ ನಡುವೆಯೇ ಇದು ಮುಗಿದಿರುತ್ತದೆ. ಟಗ್ ಕಣ್ಣಿಂದ ತಪ್ಪಿತೋ, ಆ ಕ್ಷಣ ಹಗ್ಗ ಬಿಡಿಸುವ ಹಳದಿ ನಾಬ್ ಎಳೆಯಬೇಕು. ಮೀಟರ್ ನೋಡುವ ಹೊತ್ತಲ್ಲ ಅದು. 600 ದಾಟಿದರೆ ಪಾಯಿಂಟ್ ಹೋಗುತ್ತದೆ ಎಂದು ಅಲ್ಟಿಮೀಟರಿಗೆ ಕಣ್ಣು ನೆಡುವ ಹಾಗೆ ಮಾಡುವ ಸಾಫ್ಟ್‌ವೇರ್ ಸೇಫ್ಟಿ ಹೇಗಾಗುತ್ತದೆ?

ವೇಗಕ್ಕಾಗಿ ರೆಕ್ಕೆಗಳಲ್ಲಿ ನೀರು ತುಂಬಿ ಭಾರ ಹೆಚ್ಚಿಸಿಕೊಂಡ ಗ್ಲೈಡರ್ ಇನ್ನೊಂದು ವಿಷಯ. ರೆಕ್ಕೆಯಗಲ 18 ಮೀಟರಿನ ಕ್ಲಾಸಿನಲ್ಲಿ ಒಟ್ಟು ತೂಕ 600 ಕಿಲೋ, ಅಗಲಕ್ಕೆ ಮಿತಿಯಿಲ್ಲದ ಓಪನ್ ಕ್ಲಾಸಿನಲ್ಲಿ 850 ಕಿಲೋ ತನಕ. ಓಟದ ಮೊದಲ ಸೆಕೆಂಡುಗಳಲ್ಲಿ ರೆಕ್ಕೆಗಳನ್ನು ಸಮವಾಗಿಡುವ ಏಲೆರಾನ್ ಹಿಡಿಯುವುದಿಲ್ಲ, ಅದಕ್ಕೇ ರೆಕ್ಕೆಯ ಹಿಂಬದಿಯ ಫ್ಲಾಪನ್ನು ನೆಗೆಟಿವಿನಲ್ಲಿ, ಅಂದರೆ ಮೇಲಕ್ಕೆ ತಿರುಗಿಸಿಟ್ಟು ಹೊರಡುತ್ತಾರೆ. ರೆಕ್ಕೆ ಹುಲ್ಲಿಗೆ ತಾಗಿತು ಎಂದರೆ ಬಿಡಬೇಕು, ಸರಿಮಾಡಿಕೊಳ್ಳುತ್ತೇನೆ ಎನ್ನಬಾರದು. ಎಡಗೈ ನಾಬಿನ ಪಕ್ಕ ಇಲ್ಲದವನಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಬಿಟ್ಟರೆ ಗ್ರಿಡ್ಡಿನ ಕೊನೆಗೆ ಹೋಗಬೇಕು ಎಂಬ ಲೆಕ್ಕಾಚಾರವೇ ಕೈಯನ್ನು ತಡೆಯುವುದು.

ವೀಕ್ ಲಿಂಕ್ (ಜಗ್ಗು ಮಿತಿ ಮೀರಿದರೆ ಮೊದಲು ಮುರಿಯಲೆಂದೇ ಹಗ್ಗದಲ್ಲಿ ಹಾಕುವ ತುಂಡು) ಅಂತೂ ಸಾಲು ನಿಂತ ಗ್ರಿಡ್ಡಿನಲ್ಲಿ ಮರೆತೇ ಹೋಗುತ್ತದೆ. ಟೋಸ್ಟ್ ಕಂಪನಿಯ ಬಣ್ಣಗಳಲ್ಲಿ ಕಪ್ಪು 1000 ಡೆಕಾನ್ಯೂಟನ್ (ಸುಮಾರು ಒಂದು ಟನ್ ಭಾರದ ಜಗ್ಗು), ಕಂದು 850, ಕೆಂಪು 750, ನೀಲಿ 600, ಬಿಳಿ 500. ಯಾವ ಗ್ಲೈಡರಿಗೆ ಯಾವುದು ಎಂದು ಅದರ ಫ್ಲೈಟ್ ಮ್ಯಾನುವಲ್ ಹೇಳುತ್ತದೆ. ಭಾರದ ಗ್ಲೈಡರ್ ಎಳೆದು ಬಂದ ಟಗ್ ಅದೇ ಕಪ್ಪು ಲಿಂಕಿನಲ್ಲಿ ಹಗುರದ ಗ್ಲೈಡರನ್ನು ಎಳೆದರೆ, ಜಗ್ಗು ಬಿದ್ದಾಗ ಮೊದಲು ಮುರಿಯುವುದು ಲಿಂಕ್ ಆಗಿರಬೇಕೆಂದಿಲ್ಲ. ಸಡಿಲಾದ ಹಗ್ಗ ಒಮ್ಮೆಲೇ ಬಿಗಿದರೆ ಏನಾಗುತ್ತದೆ ಎಂದು ದಕ್ಕೆಯಲ್ಲಿ ಇಂಜಿನ್ ಕೆಟ್ಟ ಬೋಟನ್ನು ಎಳೆದು ತರುವವರಿಗೆ ಗೊತ್ತು.

ಸಿಗ್ನಲ್‌ಗಳ ಗೊಂದಲಕ್ಕೂ ಲಾಗಿನಲ್ಲಿ ಜಾಗವಿಲ್ಲ. ಟಗ್ ರೆಕ್ಕೆ ಅಲ್ಲಾಡಿಸಿದರೆ ತಕ್ಷಣ ಬಿಡು. ಬಾಲದ ರಡ್ಡರ್ ಅಲ್ಲಾಡಿಸಿದರೆ ನಿನ್ನ ಏರ್‌ಬ್ರೇಕ್ (ಗ್ಲೈಡರನ್ನು ಕೆಳಗಿಳಿಸುವ ರೆಕ್ಕೆಯ ಫಲಕ) ತೆರೆದಿದೆಯಾ ನೋಡು. ಎರಡನೆಯದನ್ನು ಮೊದಲನೆಯದೆಂದು ಓದಿ, ಬ್ರೇಕ್ ತೆರೆದಿರುವಾಗಲೇ ತಗ್ಗಿನಲ್ಲಿ ಹಗ್ಗ ಬಿಟ್ಟವರುಂಟು. ಇದೊಂದರ ಸುಳಿವು ಮಾತ್ರ ಡೇಟಾದಲ್ಲಿ ಸಿಗಬಹುದು: ಏರುವ ವೇಗ 3 ಮೀಟರಿನ ಬದಲು 1ಕ್ಕಿಂತ ಕಡಿಮೆ. ಆದರೆ ಫೈಲ್ ನಮ್ಮ ಕೈಗೆ ಬರುವುದು ರಾತ್ರಿ.

ಈಗ ಸ್ಕ್ರೀನಿನಲ್ಲಿ ರಿಲೀಸ್ ಎತ್ತರ ಒಂದು ಅಂಕೆಯಾಗಿ ಬರುವುದಿಲ್ಲ, ಇಂಥಲ್ಲಿಂದ ಇಂಥಲ್ಲಿಗೆ ಎಂದು ವ್ಯಾಪ್ತಿಯಾಗಿ ಬರುತ್ತದೆ. ಆ ವ್ಯಾಪ್ತಿ ಪೂರ್ತಿ ಮಿತಿಯ ಮೇಲಿದ್ದರೆ ಮಾತ್ರ ಹೆಸರು ಸ್ಕೋರರ್ ಮುಂದೆ ಹೋಗುತ್ತದೆ, ಪೆನಾಲ್ಟಿ ಹಾಕುವುದು ಮನುಷ್ಯ. ಲಾಂಚ್ ಮಾರ್ಷಲ್ ತುಂಬಬೇಕಾದ ಎರಡು ಕಾಲಂ ಸೇರಿಸಿದ್ದೇವೆ, ಯಾವ ಹುಕ್, ಯಾವ ಬಣ್ಣದ ಲಿಂಕ್. ಗ್ರಿಡ್ಡಿನಲ್ಲಿ ತುಂಬಲಿಕ್ಕೆ ಹೊತ್ತಾಗುತ್ತದೆ, ಹಾಗಾಗಿ ಬಣ್ಣದ ಕಾಲಮ್ಮಿಗೆ ಡೀಫಾಲ್ಟ್ ಆಗಿ "ಕಪ್ಪು" ಹಾಕಿಕೊಡಿ ಎಂದು ಮೇಲಿನಿಂದ ಟಿಕೆಟ್ ಬಂದಿದೆ. ಒಂದು ಸ್ಟೋರಿ ಪಾಯಿಂಟ್. ಅದನ್ನು ಮಾಡುವುದಿಲ್ಲ ಎಂದು ಬರೆದು ಮುಚ್ಚಿದ್ದಾಯಿತು. ಎರಡು ಸಲ ರೀಓಪನ್ ಆಗಿದೆ.