ಕಾಲಾ ಅಜಾರ್ ಪರೀಕ್ಷೆಗೆ ಪ್ರೋಟೀನು ಹುಡುಕುವ ಕೆಲಸ

ನಮ್ಮ ಮಂಡ್ಯದಲ್ಲಿ ನಾಲ್ಕು ದಿನ ಜ್ವರ ಬಿಡದಿದ್ದರೆ ವೈಡಲ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ಪಾಸಿಟಿವ್ ಅಂತ ಬಂದರೆ ಸಾಕು, ಮನೆಯವರೆಲ್ಲ ಟೈಫಾಯ್ಡ್ ಅಂತಲೇ ತೀರ್ಮಾನಿಸುತ್ತಾರೆ. ಲ್ಯಾಬ್ ಟೆಕ್ನೀಷಿಯನ್ ಕೋರ್ಸಿನ ಮಕ್ಕಳಿಗೆ ನಾನು ಪ್ರತಿ ವರ್ಷ ಒತ್ತಿ ಹೇಳುವ ಮಾತೊಂದಿದೆ: ಆ ಪರೀಕ್ಷೆಗೆ ಕಾಣುವುದು ರೋಗಾಣುವಿನ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿಕಾಯ (ಆ್ಯಂಟಿಬಾಡಿ) ಮಾತ್ರ. ಹಿಂದೆಂದೋ ಬಂದು ಹೋದ ಸೋಂಕಿಗೂ, ಹಾಕಿಸಿಕೊಂಡ ಲಸಿಕೆಗೂ ಅದು ಪಾಸಿಟಿವ್ ಬರಬಹುದು.

ಇದರ ಗಂಭೀರತೆ ನನಗೆ ಅರ್ಥವಾದದ್ದು ಕಾಲಾ ಅಜಾರ್ ಎಂಬ ಕಾಯಿಲೆಯಿಂದ. ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಉತ್ತರದ ಒಂದು ಲ್ಯಾಬಿಗೆ ಸೇರಿದ್ದೆ. ಅಲ್ಲಿ ಈ ಕಾಯಿಲೆ ತರುವ ಲೀಶ್ಮೇನಿಯಾ ಪರೋಪಜೀವಿಯ ಪ್ರೋಟೀನುಗಳಲ್ಲಿ ರಕ್ತಪರೀಕ್ಷೆಗೆ ಯಾವುದು ಆಗುತ್ತದೆ ಎಂದು ಹುಡುಕುವ ಕೆಲಸ.

ಮರಳುನೊಣ ಕಚ್ಚಿ ಹರಡುವ ಕಾಯಿಲೆ ಇದು. ನಮ್ಮ ದೇಶದಲ್ಲಿ ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಪೂರ್ವ ಭಾಗದ ಬಡವರ ಮನೆಗಳಲ್ಲೇ ಹೆಚ್ಚು. ವಾರಗಟ್ಟಲೆ ಜ್ವರ, ಊದಿಕೊಂಡ ಗುಲ್ಮ (ಸ್ಪ್ಲೀನ್), ರಕ್ತಹೀನತೆ. ಚಿಕಿತ್ಸೆ ಸಿಗದಿದ್ದರೆ ಸಾವು. 1903ರಲ್ಲಿ ಲೀಶ್ಮನ್ ಇಂಗ್ಲೆಂಡಿನಿಂದಲೂ ಡೊನೊವನ್ ಮದ್ರಾಸಿನಿಂದಲೂ ಈ ಜೀವಿಯ ಬಗ್ಗೆ ಬರೆದರು. ಅದಕ್ಕೇ ಅದರ ಹೆಸರು ಲೀಶ್ಮೇನಿಯಾ ಡೊನೊವಾನಿ. ಖಚಿತವಾಗಿ ಪತ್ತೆ ಮಾಡಬೇಕೆಂದರೆ ಗುಲ್ಮಕ್ಕೋ ಮೂಳೆ ಮಜ್ಜೆಗೋ ಸೂಜಿ ಹಾಕಬೇಕು. ಗುಲ್ಮದಿಂದ ಒಳಗೇ ರಕ್ತ ಸೋರಿ ಜೀವಕ್ಕೆ ಅಪಾಯವಾಗಬಹುದು, ಹಳ್ಳಿಯ ಆಸ್ಪತ್ರೆಯಲ್ಲಿ ಮಾಡುವ ಕೆಲಸವಲ್ಲ.

ಹಾಗಾಗಿ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆ. ಪರೋಪಜೀವಿಯನ್ನು ಫ್ಲಾಸ್ಕಿನಲ್ಲಿ ಬೆಳೆಸಿ, ಒಡೆದು, ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸುತ್ತೇವೆ. ಅವನ್ನು ನೈಟ್ರೋಸೆಲ್ಯುಲೋಸ್ ಹಾಳೆಗೆ ವರ್ಗಾಯಿಸಿ, ಹಾಳೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದೊಂದು ಪಟ್ಟಿಯನ್ನು ಒಬ್ಬೊಬ್ಬರ ಸೀರಮ್‌ನಲ್ಲಿ, ಅಂದರೆ ರಕ್ತದ ತಿಳಿ ದ್ರವದಲ್ಲಿ, ನೆನೆಸಿಡುತ್ತೇವೆ. ಕೊನೆಗೆ ಬಣ್ಣದ ದ್ರಾವಣ ಹಾಕಿದರೆ, ಪ್ರತಿಕಾಯ ಅಂಟಿಕೊಂಡ ಕಡೆಯಲ್ಲೆಲ್ಲ ಕಂದು ಗೆರೆಗಳು ಏಳುತ್ತವೆ.

ಹೋಲಿಸಿ ನೋಡಲು ಆ ಕಾಯಿಲೆಯೇ ಇಲ್ಲದ ಊರಿನವರ ಸೀರಮ್ ಬೇಕಿತ್ತು. ಮಂಡ್ಯದವಳು ಎಂದು ನನ್ನ ರಕ್ತವನ್ನೂ, ನನ್ನ ಒಪ್ಪಿಗೆಯ ಸಹಿ ಹಾಕಿಸಿಕೊಂಡು, ತೆಗೆದರು. ರೋಗಿಯ ಪಟ್ಟಿಯ ತುಂಬ ಗೆರೆಗಳು. ನನ್ನ ಪಟ್ಟಿಯಲ್ಲೂ ಎಪ್ಪತ್ತು ಕಿಲೋಡಾಲ್ಟನ್ (ಪ್ರೋಟೀನಿನ ಗಾತ್ರದ ಅಳತೆ) ಆಸುಪಾಸಿನಲ್ಲಿ ತೆಳುವಾಗಿ ಒಂದು ಗೆರೆ! ರೋಗಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ದಟ್ಟವಾಗಿದ್ದ ಗೆರೆಗಳಲ್ಲಿ ಅದೂ ಒಂದು. ಆ ಭಾಗವನ್ನು ಜೆಲ್‌ನಿಂದ ಕತ್ತರಿಸಿ, ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡರಿಸಿ, ತುಂಡುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟು ಪರೋಪಜೀವಿಯ ಜೀನೋಮ್ ಮಾಹಿತಿಯೊಡನೆ ತಾಳೆ ನೋಡಿದೆವು. ಹೀಟ್ ಶಾಕ್ ಪ್ರೋಟೀನು. ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಬಹುತೇಕ ಎಲ್ಲ ಜೀವಿಗಳಲ್ಲೂ ಇರುವ, ಹೆಚ್ಚು ಬದಲಾಗದೆ ಉಳಿದಿರುವ ಪ್ರೋಟೀನಿನ ಕುಟುಂಬ ಅದು. ಅದನ್ನು ಇಡಿಯಾಗಿ ಪರೀಕ್ಷೆಗೆ ಬಳಸಿದರೆ ಬೇರೆ ಸೋಂಕು ಇರುವವರಿಗೂ ಕಾಲಾ ಅಜಾರ್ ಅಂತ ಬಂದೀತು. ದಟ್ಟ ಗೆರೆಯ ಹಿಂದೆ ಹೋಗುವುದನ್ನು ನಾನು ಅಂದೇ ಬಿಟ್ಟೆ. ಮಲೇರಿಯಾ, ಕ್ಷಯ, ಕುಷ್ಠ ರೋಗಿಗಳ ಪಟ್ಟಿಗಳಲ್ಲಿ ಬಾರದೆ ಕಾಲಾ ಅಜಾರ್ ರೋಗಿಗಳಲ್ಲಿ ಮಾತ್ರ ಬರುವ ಗೆರೆ, ಮಸುಕಾಗಿದ್ದರೂ ಸರಿ, ಅದರ ಬೆಲೆಯೇ ಬೇರೆ.

ಇನ್ನೂ ಒಂದು ತೊಡಕಿದೆ. ಫ್ಲಾಸ್ಕಿನಲ್ಲಿ ಬೆಳೆಯುವುದು ಮರಳುನೊಣದ ಹೊಟ್ಟೆಯಲ್ಲಿರುವ, ಬಾಲವಿರುವ ರೂಪ. ಮನುಷ್ಯನ ಜೀವಕೋಶದೊಳಗೆ ಅದು ದುಂಡಗಿನ, ಹೊರಚಾಚಿದ ಬಾಲವಿಲ್ಲದ ರೂಪ ತಾಳುತ್ತದೆ. ಅಲ್ಲಿ ಅದು ತಯಾರಿಸುವ ಪ್ರೋಟೀನುಗಳ ಪ್ರಮಾಣವೂ ಬದಲಾಗುತ್ತದೆ. ರೋಗಿಯ ದೇಹ ಕಂಡಿರುವುದು ಈ ಎರಡನೆಯದನ್ನು. ಸಿಕ್ಕ ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸುವಾಗಲೂ ಎಚ್ಚರ ಬೇಕು: ಶುದ್ಧೀಕರಣ ಸಾಲದೆ ಇ. ಕೋಲೈ ಪ್ರೋಟೀನು ಉಳಿದರೆ ಆರೋಗ್ಯವಂತರ ರಕ್ತವೂ ಪ್ರತಿಕ್ರಿಯಿಸುತ್ತದೆ, ಏಕೆಂದರೆ ಅದು ನಮ್ಮೆಲ್ಲರ ಕರುಳಿನಲ್ಲಿದೆ.

ಈ ಎಲ್ಲ ಜರಡಿ ದಾಟಿ ಬಂದದ್ದು ಆರ್‌ಕೆ39. ಜೀವಕೋಶದೊಳಗೆ ಸರಕು ಸಾಗಿಸುವ ಕೈನೆಸಿನ್‌ನಂಥ, ಪರೋಪಜೀವಿಯ ಒಂದು ಪ್ರೋಟೀನಿನಲ್ಲಿ 39 ಅಮೈನೋ ಆಮ್ಲಗಳ ತುಣುಕು ಮತ್ತೆಮತ್ತೆ ಬರುತ್ತದೆ; ಆ ತುಣುಕುಗಳಿರುವ ಭಾಗವೇ ಆರ್‌ಕೆ39. 1993ರಲ್ಲಿ ಅದರ ವರದಿ ಪ್ರಕಟವಾಯಿತು. ಇವತ್ತು ಬಿಹಾರದ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರೆ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ಪರೀಕ್ಷೆಯ ಕಡ್ಡಿ ಅದರದ್ದೇ. ಎಷ್ಟೋ ಜನರ ಗುಲ್ಮಕ್ಕೆ ಸೂಜಿ ಬೀಳುವುದನ್ನು ತಪ್ಪಿಸಿದ ಪ್ರೋಟೀನು ಎಂದು ನನಗೆ ಅದರ ಮೇಲೆ ತುಂಬ ಗೌರವ. ಆದರೆ ಪೂರ್ವ ಆಫ್ರಿಕಾದಲ್ಲಿ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅಲ್ಲದೆ ಕಾಯಿಲೆ ವಾಸಿಯಾದ ಮೇಲೂ ಪ್ರತಿಕಾಯ ವರ್ಷಗಟ್ಟಲೆ ಉಳಿಯುವುದರಿಂದ, ಕಾಯಿಲೆ ಮರುಕಳಿಸಿದೆಯೇ ಎಂಬ ಪ್ರಶ್ನೆಗೆ ಕಡ್ಡಿ ಉತ್ತರ ಹೇಳಲಾರದು.

ಕಾಯಿಲೆ ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಸುಳ್ಳು ಪಾಸಿಟಿವ್ ಇನ್ನೂ ದೊಡ್ಡ ಸಮಸ್ಯೆ. ತರಗತಿಯಲ್ಲಿ ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿಸುತ್ತೇನೆ. ನಿಜವಾದ ರೋಗಿಗಳನ್ನೆಲ್ಲ ಹಿಡಿಯುವ, ಕಾಯಿಲೆ ಇಲ್ಲದ ನೂರು ಜನರಲ್ಲಿ ಐವರಿಗೆ ತಪ್ಪಾಗಿ ಪಾಸಿಟಿವ್ ಕೊಡುವ ಒಂದು ಪರೀಕ್ಷೆ ಇದೆ ಅಂದುಕೊಳ್ಳಿ. ಜ್ವರದ 1000 ಜನರಲ್ಲಿ 100 ಮಂದಿಗೆ ಕಾಯಿಲೆ ಇದ್ದರೆ, 100 ನಿಜ, 45 ಸುಳ್ಳು. ಐದೇ ಜನಕ್ಕೆ ಇದ್ದರೆ, 5 ನಿಜ, ಹತ್ತಿರಹತ್ತಿರ 50 ಸುಳ್ಳು. ಪರೀಕ್ಷೆ ಅದೇ, ಕಡ್ಡಿ ಅದೇ. ಬಾಂಗ್ಲಾದೇಶ 2023ರಲ್ಲಿ ಈ ಕಾಯಿಲೆಯನ್ನು ನಿರ್ಮೂಲನೆಯ ಮಟ್ಟಕ್ಕೆ ಇಳಿಸಿದ ಮೊದಲ ದೇಶವಾಯಿತು, ನಾವೂ ಅದೇ ದಾರಿಯಲ್ಲಿದ್ದೇವೆ. ಹಾಗಾಗಿ ಈಗ ಹುಡುಕಬೇಕಾದದ್ದು ರಕ್ತದಲ್ಲೋ ಮೂತ್ರದಲ್ಲೋ ತೇಲುವ ಪರೋಪಜೀವಿಯದೇ ಪ್ರೋಟೀನನ್ನು, ಇಲ್ಲವೇ ವಾಸಿಯಾದ ಮೇಲೆ ಬೇಗ ಇಳಿದುಹೋಗುವ ಪ್ರತಿಕಾಯವನ್ನು. ಈ ಸಂಶೋಧನೆಗೆ ಹಣ ನಿಲ್ಲಿಸುವ ಕಾಲ ಇದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಮೇಡಂ, ನಮ್ಮ ಕಡೆ ಈ ಕಾಯಿಲೆ ಇಲ್ವಲ್ಲ" ಎಂದು ಮಕ್ಕಳು ಕೇಳುತ್ತಾರೆ. ಇಲ್ಲಿ ಕಟ್ಟಡ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಬಿಹಾರದಿಂದ ಎಷ್ಟು ಹುಡುಗರು ಬಂದಿದ್ದಾರೆ ನೋಡಿ ಎನ್ನುತ್ತೇನೆ. ಎರಡು ವಾರ ದಾಟಿದ ಜ್ವರ, ಮಲೇರಿಯಾ ನೆಗೆಟಿವ್, ಗುಲ್ಮ ಊದಿದೆ ಅಂತ ಚೀಟಿ ಬಂದರೆ ಸ್ವಂತ ಊರು ಯಾವುದು, ಹಿಂದೆ ಕಾಲಾ ಅಜಾರ್‌ಗೆ ಔಷಧಿ ತೆಗೆದುಕೊಂಡಿದ್ದಾರಾ ಎಂದು ಕೇಳಿ, ಚೀಟಿಯ ಮೇಲೇ ಬರೆದು ಡಾಕ್ಟರಿಗೆ ತೋರಿಸಿ.